ಮಂಡಕ್ಕಿಗೆ ಮೊದಲು ಪೊರಕೆ

ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು ಯಾರಿಗೆ ಸೇರಿದವು ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಕಳೆದ ಹಬ್ಬದಂದು ಶಿವಮೊಗ್ಗದ ಕೋಟೆಯ ಅಂಗಡಿಯೊಂದರ ಮುಂದೆ ಕುಂಬಳದ ಹಸಿವಾಸನೆ ಕರ್ಪೂರದ ಹೊಗೆಯೊಡನೆ ಮೂಗಿಗೆ ಬಡಿದಾಗ ನನಗೆ ನಮ್ಮ ಮೇಸ್ತ್ರಿ ನೆನಪಾದರು...

ಕಾಲೇಜಿನ ಚರ್ಚಾಸ್ಪರ್ಧೆಗಳ ಬಹುಮಾನಗಳ ಹುಮ್ಮಸ್ಸಿನಲ್ಲಿ ನಾನು ಮಾಚೇನಹಳ್ಳಿಯ ಸಣ್ಣ ಕಾರ್ಖಾನೆಯೊಂದರ ಕಚೇರಿ ಸೇರಿದ್ದೆ. ಅಲ್ಲಿನ ಮೇಸ್ತ್ರಿ ಭದ್ರಾವತಿಯಿಂದ ದಿನವೂ ಸೈಕಲ್ಲಿನಲ್ಲಿ ಬರುತ್ತಿದ್ದರು. ನಾನು ಸೇರಿದ ವರ್ಷ ನಮ್ಮ ಗೇಟಿನೆದುರು ಒಡೆದ ಕುಂಬಳದ ಮೇಲೆ ಹಾಲಿನವನೊಬ್ಬನ ಬೈಕ್ ಜಾರಿ ಅವನ ಕೈ ಮುರಿಯಿತು. ಧರ್ಮ ಬೀದಿಗೆ ಬರಲೇಬಾರದೆಂದು ವಾದಿಸಿ ನಾನು ಮಾಲೀಕರಿಗೆ ದೀರ್ಘ ಮನವಿ ಬರೆದೆ. ಮರುವರ್ಷದ ಪೂಜೆಯನ್ನೇ ಕೈಬಿಡಲು ಅವರು ಒಪ್ಪಿದರು. ವೆಲ್ಡಿಂಗಿನ ಭಾಯಿಯೂ ಪೇಂಟಿಂಗಿನ ಕ್ರೈಸ್ತ ಅಕ್ಕನೂ ಸೇರಿದಂತೆ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಪೂಜೆಯ ಮಂಡಕ್ಕಿ ತಿನ್ನುತ್ತಿದ್ದ ಏಕೈಕ ದಿನ ಅದೆಂಬುದು ನನ್ನ ವಾದದಲ್ಲಿ ಬಂದಿರಲಿಲ್ಲ.

ಮೇಸ್ತ್ರಿ ನನ್ನ ಮೇಜಿನ ಮುಂದೆ ನಿಂತರು.

“ಏನ್ ಮಾರಾಯ್ರೇ, ಬೀಳ್ಸಿದ್ದು ದೇವ್ರಾ? ನಾವು ಗುಡಿಸ್ದೇ ಬಿಟ್ಟ ಹೋಳಲ್ವಾ? ಇದೊಂದ್ ಸಲ ಮಾಡಕ್ಕೆ ಮಾಲೀಕ್ರನ್ನ ಒಪ್ಸಿ. ಒಬ್ರು ಜಾರಿದ್ರೂ ಮುಂದಿನ್ ವರ್ಷ ನಾನೇ ಬೇಡ ಅಂತೀನಿ.”

ಮಾಲೀಕರನ್ನು ನಾನೇ ಒಪ್ಪಿಸಿದೆ. ಹಬ್ಬದ ದಿನ ಕುಂಬಳ ಒಡೆದೊಡನೆ ಎಲ್ಲರೂ ಮಂಡಕ್ಕಿಗೆ ಕೈಚಾಚಿದರು. ಮೇಸ್ತ್ರಿ ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ನನ್ನ ಕೈಗೆ ಪೊರಕೆ ಕೊಟ್ಟರು. “ಅರ್ಜಿ ಚೆನ್ನಾಗ್ ಬರ್ದಿದ್ರಿ. ಈಗ ಇದ್ರಲ್ಲಿ ಸಹಿ ಹಾಕಿ!”

ಭಾಯಿ ನೀರು ಹೊಯ್ದರು, ಅಕ್ಕ ಮರದ ಹೊಟ್ಟು ಎರಚಿದರು. ನಾನು ಬೆವರುತ್ತ ಗುಡಿಸಿದೆ. “ಎಡಗಡೆ ಬೀಜ ಉಳೀತು ಸ್ವಾಮಿ, ಎರಡ್ ಮಾರ್ಕ್ಸ್ ಕಟ್!” ಎಂದು ಮೇಸ್ತ್ರಿ ಕೂಗಿದಾಗ ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಕೊನೆಗೆ ಅವರು ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ರಸ್ತೆಯ ಅಷ್ಟಗಲವನ್ನೂ ತುಳಿದು ನೋಡಿದರು.

ಅಷ್ಟರಲ್ಲಿ ಅದೇ ಹಾಲಿನವನು ಬಂದ. ನಮ್ಮ ಗೇಟು ಕಂಡೊಡನೆ ಬೈಕಿನಿಂದಿಳಿದು ತಳ್ಳತೊಡಗಿದ.

“ಹತ್ಕೊಂಡ್ ಬಾರೋ ಮಾರಾಯ, ನಾನು ಬರಿಗಾಲಲ್ಲಿ ನಡ್ದಿದೀನಿ!”

ಅವನು ಅನುಮಾನಿಸುತ್ತಲೇ ಹತ್ತಿದ, ನಿಧಾನವಾಗಿ ದಾಟಿದ. ನಾವು ಚಪ್ಪಾಳೆ ತಟ್ಟಿದೆವು. ಮೊದಲ ಬೊಗಸೆ ಮಂಡಕ್ಕಿ ಅವನಿಗೇ ಸಂದಿತು. ಅಷ್ಟು ಸಂತೋಷದಿಂದ ನಾನು ಎಂದೂ ವಾದ ಸೋತಿರಲಿಲ್ಲ.

ಮೇಸ್ತ್ರಿ ಈಗಿಲ್ಲ... ಕಳೆದ ಹಬ್ಬದಂದು ಕೋಟೆಯ ಆ ಅಂಗಡಿಯವರಿಂದ ಪೊರಕೆ ಕೇಳಿ ಪಡೆದು ಹೋಳುಗಳನ್ನು ಬದಿಗೆ ಗುಡಿಸಿದೆ. ಎಡಗಡೆ ಬೀಜ ಉಳಿಯಿತೆಂದು ಕೂಗುವವರು ಯಾರೂ ಇರಲಿಲ್ಲ.

ಮುಂದಿನ ಆಯುಧಪೂಜೆಗೆ ನೀವೂ ಕುಂಬಳ ಒಡೆಯುವಿರಾದರೆ, ದಯವಿಟ್ಟು ಮಂಡಕ್ಕಿ ಹಂಚುವ ಮೊದಲು ರಸ್ತೆ ಗುಡಿಸಿ.