ಅತ್ತಿಗೆಯ ಕಾಲುಂಗುರ ದೊಡ್ಡದಾದದ್ದು

ನಮ್ಮ ಮನೆಗೆ ಗಡಿಯಾರ ಬಂದದ್ದು ತಡವಾಗಿ. ಅಲ್ಲಿಯವರೆಗೆ ಶಿಕಾರಿಪುರದ ನಮ್ಮ ಮನೆಯಲ್ಲಿ ಬೆಳಗಾಯಿತೆಂದು ಗೊತ್ತಾಗುತ್ತಿದ್ದುದು ಅತ್ತಿಗೆ ಹೂವಮ್ಮನ ಕಾಲುಂಗುರದ ಸದ್ದಿನಿಂದ. ಚಪ್ಪಡಿಕಲ್ಲಿನ ನೆಲದ ಮೇಲೆ ಟಿಣ್ ಟಿಣ್ ಎಂದು ಆ ಸದ್ದು ಒಲೆಯ ಹತ್ತಿರ ಹೋಗಿ, ಹಿತ್ತಲಿಗೆ ಹೋಗಿ, ಕಡೆಗೆ ನನ್ನ ತಲೆದೆಸೆಗೆ ಬಂದು ನಿಲ್ಲುತ್ತಿತ್ತು.

"ಏಳೋ ಶಂಕ್ರಾ, ಹೊತ್ತು ನೆತ್ತಿಗೆ ಬಂತು" ಎನ್ನುವಳು. ಕಣ್ಣು ಬಿಟ್ಟರೆ ಹೊರಗಿನ್ನೂ ಕಾಗೆ ಕೂಡ ಕೂಗಿರುತ್ತಿರಲಿಲ್ಲ.

ಸೊರಬದ ಹೊಸಬಾಳೆಯಿಂದ ಅವಳು ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು, ನನಗೆ ಆರು. ನನ್ನವ್ವ ತೀರಿಕೊಂಡು ವರ್ಷವಾಗಿತ್ತು. ತಾಯಿಯ ಹಾಗೆ ಉಣ್ಣಿಸಿದವಳನ್ನು 'ಅವರು, ಇವರು' ಎಂದು ಬರೆದು ದೂರ ಕೂರಿಸಲು ನನ್ನಿಂದಾಗದು. ಮದುವೆಯ ದಿನ ಅಣ್ಣ ವೀರಬಸಪ್ಪ ಅವಳ ಕಾಲನ್ನು ಒರಳುಕಲ್ಲಿನ ಮೇಲಿಟ್ಟು ಕಾಲುಂಗುರ ತೊಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅವಳ ಅಜ್ಜಿಯ ಕಾಲ್ಗಡಗ ಕರಗಿಸಿ ಮಾಡಿಸಿದ ಗಟ್ಟಿ ಬೆಳ್ಳಿ. ಅಣ್ಣ ನಾಚಿಕೆಯಿಂದ ತಲೆ ಎತ್ತಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಅಣ್ಣನ ಕಿರಾಣಿ ಅಂಗಡಿಯಲ್ಲಿ ಕೂತವನು. ಬೆಲ್ಲ ಕಟ್ಟುವ ಕಾಗದ ಓದಿ ಓದಿಯೇ ಕಲಿತೆ. ಹಾಗೆ ಕಲಿತದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಮಾತನಾಡುವುದನ್ನು ಕಲಿಸಿದವಳು ಅತ್ತಿಗೆ. ಒಮ್ಮೆ ನಾನು "ಅತ್ಗೇ, ನಿನ್ನ ಬಳೆ ಒಡೀತು" ಎಂದಾಗ ಕಿವಿ ಹಿಂಡಿ, "ಒಡೀತು ಅನ್ಬಾರ್ದು, ಹೆಚ್ಚಿತು ಅನ್ಬೇಕು. ದೀಪ ಆರಿಸೋದಲ್ಲ, ದೊಡ್ಡದು ಮಾಡೋದು. ಮುತ್ತೈದೆ ಮನೇಲಿ ಮಾತು ನೋಡಿ ಆಡ್ಬೇಕು" ಎಂದಿದ್ದಳು.

ಈಗ ಅವಳಿಗೆ ಎಪ್ಪತ್ತೆಂಟು. ಬಿ.ಪಿ. ಇದೆ ಎಂದು ತಿಳಿದು ಮೂರು ವರ್ಷವಾಯಿತು. ಮೊದಲಿನ ಗುಳಿಗೆ ಸಾಲದೆಂದು ಹೋದ ವರ್ಷ ಹೊಸದೊಂದನ್ನು ಕೊಟ್ಟರು. ಎರಡು ತಿಂಗಳು ಕಳೆಯುವುದರೊಳಗೆ ಕಾಲು ಊದತೊಡಗಿತು. ಬೆಳಿಗ್ಗೆ ಅಷ್ಟಿಷ್ಟು, ಸಂಜೆಯ ಹೊತ್ತಿಗೆ ಕಣಕ ನಾದಿಟ್ಟ ಹಾಗೆ. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ನಾನು ಎಲ್ಲೋ ಓದಿದ್ದನ್ನು ನೆನೆದು ಉಪ್ಪು ಹಾಕಿದ ಬಿಸಿನೀರಲ್ಲಿ ಕಾಲಿಡಿಸಿದೆ. ನೀರು ತಣ್ಣಗಾಯಿತೇ ಹೊರತು ಕಾಲು ಇಳಿಯಲಿಲ್ಲ. ಕಾಲುಂಗುರ ಬೆರಳೊಳಗೆ ಹೂತುಹೋಯಿತು. ಸದ್ದು ನಿಂತಿತು.

ಕ್ಲಿನಿಕ್ಕಿನ ನರ್ಸಮ್ಮ ಒಂದು ಸಲ ಕಾಲು ನೋಡಿದ್ದೇ, "ಅಜ್ಜೀ, ಇದನ್ನ ಕತ್ತರಿಸಿ ತೆಗೀಬೇಕು. ಕಟರ್ ತರ್ತೀನಿ ಇರ್ರಿ" ಅಂದಳು. ಅತ್ತಿಗೆ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಗಂಡ ಸತ್ತ ದಿನ ತೆಗೆಯುವ ಒಡವೆ ಅದು. ಎಂಬತ್ತಮೂರರ ಅಣ್ಣ ಹೊರಗೆ ಬೆಂಚಿನ ಮೇಲೆ ಬಾಳೆಹಣ್ಣು ಸುಲಿಯುತ್ತ ಗಟ್ಟಿಮುಟ್ಟಾಗಿ ಕೂತಿದ್ದ. ಅವಳು ಡಾಕ್ಟರನ್ನೂ ಕಾಣದೆ ಎದ್ದು ಬಂದಳು.

ಅದಾದ ಮೇಲೆ ಊತ ಮೆಲ್ಲಗೆ ಇಳಿಯಿತು. ನನ್ನ ಬಿಸಿನೀರೇ ಇಳಿಸಿತು ಎಂದು ನಾನು ಬೀಗಿದೆ.

ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಗೋಡೆ ಹಿಡಿದು, "ಶಂಕ್ರಾ, ನೆಲ ತಿರುಗ್ತಾ ಐತೋ" ಎಂದು ಕುಸಿದಳು. ಹಣೆಗೆ ವಿಭೂತಿ ಹಚ್ಚೋಣವೆಂದು ಗಡಿಬಿಡಿಯಲ್ಲಿ ದೇವರ ಗೂಡಿಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಹಳೆಯ ಕುಂಕುಮದ ಭರಣಿ. ಅದರೊಳಗೆ ಬಿಳಿ ಗುಳಿಗೆಗಳು. ಹತ್ತೊಂಬತ್ತಿದ್ದವು.

"ಅತ್ಗೇ, ಇದೇನಿದು?"

"ಬಿಸಾಕಾಕೆ ಮನಸು ಬರ್ಲಿಲ್ಲ. ಔಷಧಿ ಅಲ್ದೇನೋ."

ಆಟೋದಲ್ಲಿ ಕರೆದೊಯ್ದೆವು. ಬಿ.ಪಿ. ಬಹಳ ಏರಿತ್ತು. ಡಾಕ್ಟರಮ್ಮ ಗದರಲಿಲ್ಲ. "ಊತ ಬಂದದ್ದೇ ಆ ಗುಳಿಗೆಯಿಂದ. ಕೆಲವರಿಗೆ ಹಾಗಾಗುತ್ತದೆ. ಆಗಲೇ ನನಗೆ ಹೇಳಿದ್ದರೆ ಬದಲಾಯಿಸುತ್ತಿದ್ದೆ. ನೀವಾಗೇ ನಿಲ್ಲಿಸಿದರೆ ಪಾರ್ಶ್ವವಾಯು ಹೊಡೆದೀತು" ಎಂದು ಬೇರೆ ಗುಳಿಗೆ ಬರೆದುಕೊಟ್ಟರು. ಊತ ಪೂರಾ ಇಳಿಯದೆ ಉಂಗುರ ಇನ್ನೂ ಬಿಗಿದೇ ಇತ್ತು, ಅದರ ಕೆಳಗೆ ಹುಣ್ಣಾಗಿತ್ತು. ಉಂಗುರವೂ ಬೆರಳಿಂದ ಬರಲೇಬೇಕು ಎಂದರು.

ಮನೆಗೆ ಬಂದ ಮೇಲೆ ಅತ್ತಿಗೆ ಗೋಡೆಗೊರಗಿ ಕೂತಳು. ಹೊಸ ಗುಳಿಗೆ ಅಂಗೈಯಲ್ಲೇ ಉಳಿಯಿತು.

"ಇದ್ನ ನುಂಗಿದ್ಮೇಲೂ ಊದ್ಕಂಡ್ರೆ? ಮತ್ತೆ ಕತ್ತರಿ ತರ್ತಾರೆ. ನಾ ಒಲ್ಲೆ."

ಅಣ್ಣನಿಗೆ ಸಿಟ್ಟು ಬಂತು. "ಅಲ್ವೇ, ಎರಡು ಸುತ್ತು ಬೆಳ್ಳಿ ಮೇಲೆ ನಿಂತೈತೇನೇ ನನ್ನ ಪ್ರಾಣ? ತೆಗ್ದ್ರೆ ನಾನೇನು ಸತ್ತು..."

"ಬಿಡ್ತು ಅನ್ರೀ!" ಎಂದು ಅವಳು ಚೀರಿದಳು. "ಮೊದ್ಲು ಬಿಡ್ತು ಅನ್ರಿ!"

ಅಣ್ಣ ತಗ್ಗಿದ. "ಬಿಡ್ತು, ಬಿಡ್ತು" ಎಂದ. ಆದರೂ ಗುಳಿಗೆ ಅವಳ ಗಂಟಲಿಗಿಳಿಯಲಿಲ್ಲ.

ನಾನು ಅಕ್ಕಸಾಲಿ ಆನಂದಪ್ಪನ ಹತ್ತಿರ ಓಡಿದೆ. ಅವನಪ್ಪನೇ ಆ ಕಾಲುಂಗುರ ಮಾಡಿದವನು. "ಮನೆಗೆ ಬಂದು ಅತ್ತಿಗೆ ಕಾಲುಂಗುರ ಕತ್ತರಿಸಿ ಕೊಡ್ಬೇಕು ಮಾರಾಯಾ" ಎಂದೆ.

ಆನಂದಪ್ಪ ಕನ್ನಡಕದ ಮೇಲಿಂದ ನೋಡಿದ. "ಅಲ್ರೀ ಶಂಕ್ರಣ್ಣ, ಊರಿಗೆಲ್ಲ ಬುದ್ಧಿ ಹೇಳ್ತೀರಿ. ಮುತ್ತೈದೆ ಮುಂದೆ ಹಿಂಗಾ ಅನ್ನೋದು? ನೀವು ಅಲ್ಲಿ ಬಾಯಿ ಬಿಡಬ್ಯಾಡ್ರಿ. ಮಾತಾಡೋದು ನಾನು."

ಅವನು ತನ್ನ ಕುಲುಮೆಯ ಸಾಮಾನನ್ನು ಚೀಲದಲ್ಲಿ ತಂದು ನಮ್ಮ ಜಗಲಿಯ ಮೇಲೆ ಹೂಡಿದ. ಅತ್ತಿಗೆಯ ಮುಂದೆ ಕೂತು, "ಹೂವಮ್ಮಾರೇ, ನಮ್ಮಪ್ಪ ಮಾಡಿಕೊಟ್ಟಿದ್ದು ಅವತ್ತಿನ ಬೆರಳಿನ ಅಳತೆಗೆ. ಕಾಲು ಬೆಳೀತು, ಉಂಗುರ ಬೆಳೀಲಿಲ್ಲ. ದೊಡ್ಡದು ಮಾಡ್ತೀನ್ರಿ" ಎಂದ.

ಅತ್ತಿಗೆ ತಲೆ ಎತ್ತಿದಳು. "ಏನಂದಿ?"

"ದೊಡ್ಡದು ಮಾಡ್ತೀನಿ. ಇದೇ ಬೆಳ್ಳಿ, ನಡುವೆ ಒಂದು ಕಾಳಷ್ಟು ಹೊಸದು ಸೇರ್ತದೆ. ಅಲ್ಲೀವರೆಗೂ ಬೆರಳು ಬರಿದಾಗ್ಬಾರ್ದು. ಅರಿಶಿನದ ದಾರ ಮೊದ್ಲು ಕಟ್ಕಳ್ರಿ."

ಅರವತ್ತು ವರ್ಷದ ಹಿಂದೆ ನನ್ನ ಕಿವಿ ಹಿಂಡಿ ಕಲಿಸಿದ ಮಾತನ್ನು ಅವಳಿಗೇ ಆಡಬೇಕಿತ್ತು. ಇಷ್ಟೆಲ್ಲ ಓದಿದ ನನಗೆ ಅದು ಹೊಳೆಯಲಿಲ್ಲ.

ಅವಳು ಸೀರೆಯ ಅಂಚು ಸರಿಸಿ ಕಾಲನ್ನು ಮುಂದೆ ಚಾಚಿದಳು. ದಾರವನ್ನು ಅಣ್ಣನೇ ಕಟ್ಟಿದ. ಪುಟ್ಟ ಗರಗಸ ಸದ್ದಿಲ್ಲದೆ ಓಡಿತು. ಅವಳು ಕಣ್ಣು ಮುಚ್ಚಿರಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಹುಣ್ಣು ಮಾಯುವವರೆಗೆ ದಾರವೇ ಉಂಗುರವಾಗಿತ್ತು. ಆ ಸಂಜೆಯೇ ಹೊಸ ಗುಳಿಗೆ ನುಂಗಿದಳು.

ಮೂರು ವಾರ ಕಳೆದು ಅಣ್ಣ ಮತ್ತೆ ಕಾಲುಂಗುರ ತೊಡಿಸಲು ಬಗ್ಗಿದ.

"ಅವತ್ತು ತಲೆ ಎತ್ತಿರ್ಲಿಲ್ಲ ನೀವು" ಎಂದಳು ಅತ್ತಿಗೆ.

"ಇವತ್ತು ಸೊಂಟ ಎತ್ತಾಕಾಗ್ತಿಲ್ಲ ಕಣೇ. ಲೋ ಶಂಕ್ರಾ, ಹಿಡಿಯೋ!"

ಈಗ ಕಾಲು ಪೂರಾ ಇಳಿದಿದೆ. ಕಾಲುಂಗುರ ಸಡಿಲವಾಗಿ ಜಾರುತ್ತದೆ, ಒಳಗೆ ದಾರ ಸುತ್ತಿಕೊಂಡಿದ್ದಾಳೆ. ಚಿಕ್ಕದು ಮಾಡಿಸೋಣವೇ ಎಂದು ಕೇಳಿದರೆ, "ದೊಡ್ಡದು ಮಾಡಿದ್ದನ್ನ ಯಾರಾದ್ರೂ ಚಿಕ್ಕದು ಮಾಡ್ತಾರೇನೋ?" ಎಂದು ಇನ್ನೂ ಕಿವಿಗೆ ಕೈ ಹಾಕಲು ಬರುತ್ತಾಳೆ.

ಸಡಿಲವಾದ್ದರಿಂದ ಸದ್ದು ಮೊದಲಿಗಿಂತ ಜೋರು. ಬೆಳಿಗ್ಗೆ ಅದು ಒಲೆಯ ಹತ್ತಿರ ಹೋಗಿ, ಹಿತ್ತಲಿಗೆ ಹೋಗಿ, ನನ್ನ ಮಂಚದ ತಲೆದೆಸೆಗೆ ಬಂದು ನಿಲ್ಲುತ್ತದೆ. ಅವಳ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಗುಳಿಗೆಯ ಹಾಳೆ.

"ಏಳೋ ಶಂಕ್ರಾ. ಇದು ಹೊಸದೋ, ಆ ಹಾಳಾದ್ದೋ? ಓದಿ ಹೇಳು."

ನಾನು ಕನ್ನಡಕ ಹುಡುಕುತ್ತೇನೆ.