ಮೂವತ್ತು ಕಳೆದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರ ಬಲ ಮೊಣಕಾಲು ಮಡಿಸಿದಾಗಲೆಲ್ಲ ‘ಟಕ್’ ಎನ್ನುತ್ತಿತ್ತು. ಒಣಕಡ್ಡಿ ಮುರಿದಂಥ ಸದ್ದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಿಂದಿನಿಂದ ಆ ಟಕ್ ಕೇಳಿದರೆ ಸಾಕು, ಸಾಲು ತಪ್ಪಿ ನಿಂತವರೆಲ್ಲ ನೆಟ್ಟಗಾಗುತ್ತಿದ್ದೆವು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಿದ್ದರು. ಕುರ್ಚಿಯಿಂದ ಏಳುವಾಗ ಹಲ್ಲು ಕಚ್ಚುತ್ತಿದ್ದರು. ಈ ಮನುಷ್ಯ ಒಂದು ಕಾಲಕ್ಕೆ ಟ್ರಿಪಲ್ ಜಂಪಿನಲ್ಲಿ ಇಡೀ ರಾಜ್ಯಕ್ಕೆ ಚಾಂಪಿಯನ್ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಆದರೆ ಗುಂಡ್ಲುಪೇಟೆಯ ನಮ್ಮ ಹೈಸ್ಕೂಲಿನ ವರಾಂಡದಲ್ಲಿ ಸಾಕ್ಷಿಗೆ ಬೋರ್ಡೇ ಇತ್ತು. ಅವರು ಅದೇ ಶಾಲೆಯಲ್ಲಿ ಓದಿದವರು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಅವರ ಹೆಸರು, ಅದರ ಮುಂದೆ ‘ನಲವತ್ತೆಂಟು ಅಡಿ’. ಆ ಬೋರ್ಡಿನ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದರೂ ಅವರು ಒಮ್ಮೆಯೂ ತಲೆ ಎತ್ತಿ ನೋಡಿದ್ದನ್ನು ಕಾಣೆ. ಎಂಥ ವಿನಯವಪ್ಪಾ ಎಂದುಕೊಂಡಿದ್ದೆವು.

ನಾನು ಭೀಮನಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಎಂಟನೇ ಕ್ಲಾಸಿನಲ್ಲಿ ಒಂದು ದಿನ ಶಾಲೆಯ ಹಿಂದೆ ಕುಂಟಾಬಿಲ್ಲೆ ಆಡುತ್ತಿದ್ದಾಗ ಟಕ್ ಎಂದಿತು. ಸತ್ತೆ ಎಂದುಕೊಂಡು ತಿರುಗಿದೆ.

“ಯಾರಮ್ಮಿ ನೀನು? ಇನ್ನೊಂದ್ಸಲ ಕುಂಟು, ನೋಡನ.”

ಹೆದರಿಕೆಗೆ ಎರಡು ಮನೆ ದಾಟಿ ಕುಂಟಿಬಿಟ್ಟೆ. ಅವರು ಬಯ್ಯಲಿಲ್ಲ. ನಾನು ಹೊರಟ ಜಾಗದಿಂದ ಬಿದ್ದ ಜಾಗದವರೆಗೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ, ಪಾದದ ಮುಂದೆ ಪಾದವಿಟ್ಟು ಅಳೆದರು. ಅದು ಅವರ ಚಾಳಿ. ಮದುವೆ ಮನೆಗೆ ಹೋದರೆ ಚಪ್ಪರ ಅಳೆಯುವರು, ಯಾರಾದರೂ ಸೈಟು ಕೊಂಡರೆ ಅದನ್ನೂ ಅಳೆಯುವರು. ಆ ಪಾದದ ಲೆಕ್ಕ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ.

ಕುಂಟಿ, ಹೆಜ್ಜೆಯಿಟ್ಟು, ಕೊನೆಗೆ ನೆಗೆಯುವ ಈ ಟ್ರಿಪಲ್ ಜಂಪು ಹೆಣ್ಣುಮಕ್ಕಳಿಗೆ ನಮ್ಮ ಕಡೆ ಆಗ ಹೊಸದು. ಸಾ ಮಿಲ್ಲಿನಿಂದ ಮರದ ಹೊಟ್ಟು ತರಿಸಿ, ಮರಳಿಗೆ ಬೆರೆಸಿ ಗುಂಡಿ ತುಂಬಿಸಿದರು. “ಕುಂಟು, ಇಕ್ಕು, ನೆಗಿ!” ಎಂದು ದಿನಾ ಬೆಳಗ್ಗೆ ಕೂಗುತ್ತಿದ್ದರು. ನಮ್ಮಜ್ಜಿ ಒಂದು ದಿನ ಶಾಲೆಗೇ ಬಂದು ಜಗಳ ತೆಗೆದಳು. “ಹೆಣ್ ಕೂಸು ಇಂಗೆ ಎಗರಾಡುದ್ರೆ ಗರ್ಭ ಜಾರೋಯ್ತದೆ ಮೇಷ್ಟ್ರೇ!”

“ನೀವು ಗದ್ದೆ ಬದ ಎಗರ್ನಿಲ್ವಾ ಅಜ್ಜಿ? ಆರು ಮಕ್ಳು ಆಗ್ನಿಲ್ವಾ?”

ಅಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಪ್ಪ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. “ನೋಡಮ್ಮಿ, ಸ್ಟೇಟಿಗೆ ಸೆಲೆಕ್ಟ್ ಆದ್ರೆ ಮೈಸೂರ್ ಹಾಸ್ಟೆಲ್ಗೆ ಓಗು, ಓದು. ಇಲ್ದಿದ್ರೆ ಒಂಬತ್ತನೇ ಕ್ಲಾಸ್ಗೆ ಸಾಕು. ಅರಿಸಿನ ಬೇಯ್ಸಕೆ ಆಳ್ ಸಿಕ್ತಾ ಇಲ್ಲ” ಎಂದುಬಿಟ್ಟ. ಅಪ್ಪ ಆಡಿದ ಮಾತು ತಪ್ಪುವವನೂ ಅಲ್ಲ. ಹಾಗಾಗಿ ನನ್ನ ಓದು, ಮೈಸೂರು, ಮುಂದಿನ ಬದುಕು ಎಲ್ಲವೂ ಆ ಮರದ ಹೊಟ್ಟಿನ ಗುಂಡಿಯಲ್ಲಿತ್ತು.

ಇಲ್ಲಿ ಟೇಪಿನ ವಿಷಯ ಹೇಳಬೇಕು. ಆಗ ಶಾಲೆಗಳಲ್ಲಿದ್ದದ್ದು ಬಟ್ಟೆಯ ಟೇಪು. ಎಳೆದೂ ಎಳೆದೂ ಉಂಗುರದ ಕಡೆಯ ತುದಿ ಪಿಸಿದುಹೋಗುತ್ತಿತ್ತು. ಹೊಸದನ್ನು ಯಾರು ತರುತ್ತಾರೆ? ಪಿಸಿದ ತುದಿಯನ್ನು ಸರಿಯಾಗಿ ಒಂದಡಿಗೆ, ಅಂದರೆ ಮೂವತ್ತು ಸೆಂಟಿಮೀಟರಿನ ಗೆರೆಗೆ ಕತ್ತರಿಸಿ ಹಾಕುವುದು, ಅಳೆದಾದ ಮೇಲೆ ಬಂದದ್ದರಲ್ಲಿ ಮೂವತ್ತು ಕಳೆಯುವುದು ನಮ್ಮ ಕಡೆಯ ರೂಢಿ. ಎಲ್ಲ ಮೇಷ್ಟ್ರುಗಳಿಗೂ ಗೊತ್ತಿದ್ದದ್ದೇ. ಈಗ ನಾನೂ ಪಿ.ಟಿ. ಟೀಚರು. ಉಕ್ಕಿನ ಟೇಪು ಬಂದು ಎಷ್ಟೋ ಕಾಲವಾದರೂ ಕೈಗೆ ಬಂದ ತಕ್ಷಣ ಮೊದಲು ತುದಿ ನೋಡುತ್ತೇನೆ.

ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ವರ್ಷ, ನಾನು ಒಂಬತ್ತರಲ್ಲಿದ್ದಾಗ, ಅಲ್ಲಿ ಶಾಲೆಗಳ ಕ್ರೀಡಾಕೂಟ ನಡೆಯಿತು. ಗೆದ್ದವರದೆಲ್ಲ ಜಿಲ್ಲೆಯ ಮೊದಲ ದಾಖಲೆ. ಒಂದೊಂದು ಸ್ಪರ್ಧೆಯಿಂದ ಒಬ್ಬೊಬ್ಬರೇ ರಾಜ್ಯಮಟ್ಟಕ್ಕೆ. ಕೊಳ್ಳೇಗಾಲದ ಕಡೆಯ ಹುಡುಗಿಯೊಬ್ಬಳು ಒಂಬತ್ತು ಮೀಟರ್ ತೊಂಬತ್ತಾರು ಹಾರಿ ಮುಂದಿದ್ದಳು. ನನಗೆ ಉಳಿದದ್ದು ಕೊನೆಯ ಒಂದೇ ಜಿಗಿತ. ನಾನು ಓಡಲು ನಿಂತ ಹೊತ್ತಿಗೇ ಗೇಟಿನಲ್ಲಿ ಮುಖ್ಯ ಅತಿಥಿಯ ಕಾರು ಬಂತು. ಅಳತೆ ಬರೆಯುತ್ತಿದ್ದ ಮೇಷ್ಟ್ರು ಪುಸ್ತಕವನ್ನು ಪಕ್ಕದಲ್ಲಿದ್ದ, ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ ಹೊಸ ಮೇಷ್ಟ್ರ ಕೈಗೆ ತುರುಕಿ, ಹಾರ ಹಿಡಿದು ಓಡಿದರು. ನಾನು ಹಾರಿದೆ. ಹೊಸ ಮೇಷ್ಟ್ರು ಟೇಪು ನೋಡಿ ಬರೆದರು. ಮೈಕಿನಲ್ಲಿ ಬಂತು: “ಹತ್ತು ಮೀಟರ್ ಹದಿನಾಲ್ಕು! ಪ್ರಥಮ ಸ್ಥಾನ, ಗುಂಡ್ಲುಪೇಟೆ!”

ಅಯ್ಯೋ ನನ್ನ ಖುಷಿಯೇ! ಗೆಳತಿಯರು ನನ್ನನ್ನು ಹೊತ್ತು ಕುಣಿದರು. ಅಷ್ಟರಲ್ಲಿ ನೋಡುತ್ತೇನೆ, ನಮ್ಮ ಮೇಷ್ಟ್ರು ಗುಂಡಿಯ ಪಕ್ಕದಲ್ಲಿ ಪಾದದ ಮುಂದೆ ಪಾದವಿಟ್ಟು ನಡೆಯುತ್ತಿದ್ದಾರೆ. ಕೊನೆಗೆ ಬಂದವರೇ ನಿಂತರು. ಮತ್ತೆ ಮೊದಲಿನಿಂದ ನಡೆದರು. ಆಮೇಲೆ ಹೊಸ ಮೇಷ್ಟ್ರ ಹತ್ತಿರ ಹೋದರು.

“ಸಾರ್, ಮೂವತ್ತು ಕಳೆದ್ರಾ?”

“ಯಾವ ಮೂವತ್ತು ಸಾರ್?”

ನಮ್ಮ ತಾಲ್ಲೂಕಿನ ಇನ್ನೊಬ್ಬ ಮೇಷ್ಟ್ರು ಅವರ ತೋಳು ಹಿಡಿದು, “ನಮ್ಮುಡುಗಿ ಸಾರ್, ಸುಮ್ನಿರಿ. ಯಾರ್ಗೂ ಗೊತ್ತಾಗ್ನಿಲ್ಲ” ಎಂದು ಪಿಸುಗುಟ್ಟಿದರು.

“ನಮ್ಮುಡುಗಿ ಅಂತ್ಲೇ ಕೇಳ್ತಿರದು. ಟೇಪ್ ಕೊಡಿ.”

ಗುರುತು ಇನ್ನೂ ಮರಳಿನಲ್ಲಿ ಹಾಗೇ ಇತ್ತು. ಎಲ್ಲರೆದುರು ಮತ್ತೆ ಅಳೆದರು. ಒಂಬತ್ತು ಮೀಟರ್ ಎಂಬತ್ತನಾಲ್ಕು. ಕೊಳ್ಳೇಗಾಲದ ಹುಡುಗಿ ನಂಬಲಾರದೆ ಕಣ್ಣು ಕಣ್ಣು ಬಿಟ್ಟಳು. ನನಗೆ ಅಳುವೂ ಬರಲಿಲ್ಲ. ಬೇರೆ ಯಾರು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ, ನನ್ನ ಮೇಷ್ಟ್ರೇ! ಅಪ್ಪನ ಮಾತು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಸೀಬೆಹಣ್ಣು ಕೊಟ್ಟರು. ತೆರಕಣಾಂಬಿ ದಾಟುವಾಗ ಅದನ್ನು ಅವರ ಎದುರೇ ಕಿಟಕಿಯಿಂದ ಬಿಸಾಡಿದೆ. “ನನ್ನ ಮಾತಾಡುಸ್ಬೇಡಿ. ನೀವು ನನ್ ಮೇಷ್ಟ್ರೇ ಅಲ್ಲ” ಎಂದೆ. ಹದಿನಾಲ್ಕು ವರ್ಷದ ಬಾಯಿ. ಅವರು ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದರು.

ಅಪ್ಪ ಕೇಳಿ ಕೆಂಡವಾದ. “ಸಾಕ್ದ ಕೂಸಿನ ಕಾಲ ತಾನೇ ಕಡಿಯೋನು ಎಂಥ ಮೇಷ್ಟ್ರಲಾ ಅವನು!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಮಾರನೆಯ ದಿನದಿಂದ ನನಗೆ ಶಾಲೆ ಬಂದ್. ಆರನೇ ದಿನ ನಮ್ಮ ಜಗಲಿ ಮೆಟ್ಟಿಲಲ್ಲಿ ಟಕ್ ಎಂದಿತು. ಅಪ್ಪ ‘ಬನ್ನಿ’ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮೇಷ್ಟ್ರು ಕಂಬ ಹಿಡಿದು ನಿಂತೇ ಮಾತಾಡಿದರು.

“ನಲವತ್ತೆಂಟು ಅಡಿ ನಾನು ಯಾವತ್ತೂ ಆರ್ನಿಲ್ಲ ಕಣಯ್ಯಾ.”

ಅಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ಕೈ ನಿಲ್ಲಿಸಿದ.

“ಅವತ್ತೂ ಟೇಪು ಇಂಥದ್ದೇ. ಒಂದಡಿ ಕತ್ತರ್ಸಿದ್ದು. ಕಳಿಯೋದ ಮರುತ್ರು. ನಾನು ಪಾದದಲ್ಲಿ ಅಳುದ್ ನೋಡ್ದೆ, ನಲವತ್ತೇಳೇ. ನಂಗೊಬ್ಬನ್ಗೇ ಗೊತ್ತಿತ್ತು. ಜನ ಎತ್ಕಂಡು ಕುಣೀತಿದ್ರು, ಬಾಯ್ ಬುಡ್ನಿಲ್ಲ. ಪೇಪರ್ನಲ್ಲಿ ಬಂತು, ಬೋರ್ಡ್ ಆಕುದ್ರು, ದೊಡ್ಡ ಕ್ಯಾಂಪಿಗೆ ಕರುದ್ರು. ಅಲ್ಲಿ ಎಷ್ಟ್ ನೆಗುದ್ರೂ ನಲವತ್ತೇಳು. ‘ನಲವತ್ತೆಂಟು ಆರ್ದೋನು, ಈಗ ಸೋಮಾರಿ ಬಿದ್ದಿದೀಯ’ ಅಂತ ಬಯ್ಯೋರು. ಇಲ್ದೇ ಇರೋ ಆ ಒಂದಡಿನ ಉಡುಕ್ಕಂಡು ನಾಕು ವರ್ಸ ನೆಗುದೆ. ಮಂಡಿ ಊದಿದ್ರೂ ಕಟ್ಕಂಡು ನೆಗುದೆ. ಒಂದಿನ ಟಕ್ ಅಂತು, ಅಷ್ಟೇ.” ನನ್ನ ಕಡೆ ತಿರುಗಿದರು. “ಮೊನ್ನೆ ನಾನು ಸುಮ್ಕಿದ್ದಿದ್ರೆ ನಿಂಗೂ ಇದೇ ಗತಿ ಕಣಮ್ಮಿ. ನಿನ್ ಮಂಡಿ ಉಳೀಲಿ ಅಂತ ಕಳುದೆ.”

ಎರಡು ವರ್ಷ ಆ ಸದ್ದಿಗೆ ಹೆದರಿ ನೆಟ್ಟಗೆ ನಿಂತಿದ್ದೆನಲ್ಲ, ಶಿವನೇ! ಅಪ್ಪ ಎದ್ದು ಒಳಗಿನಿಂದ ಚಾಪೆ ತಂದು ಹಾಸಿದ. “ಕೂತ್ಕಳಿ ಮೇಷ್ಟ್ರೇ” ಎಂದ. ಎಲೆಯಡಿಕೆ ತಟ್ಟೆಯನ್ನು ಅವರ ಮುಂದೆ ಸರಿಸಿ, “ನಾಳಿಂದ ಬತ್ತಾಳೆ ಬುಡಿ. ಇನ್ನೊಂದು ವರ್ಸ ನೋಡನ” ಎಂದ.

ಮರುದಿನವೇ ಮೇಷ್ಟ್ರು ಬೋರ್ಡು ತಿದ್ದಿಸಲು ಹೆಡ್ಮೇಷ್ಟ್ರ ಹತ್ತಿರ ಹೋದರಂತೆ. “ಊರಿನ ಮಾನ ಕಳೀತೀರೇನ್ರೀ? ತೆಪ್ಪಗಿರಿ” ಎಂದು ಗದರಿಸಿ ಕಳಿಸಿದರಂತೆ. ಬೋರ್ಡು ಹಾಗೇ ಉಳಿಯಿತು.

ಮುಂದಿನ ವರ್ಷ ನಾನು ಹತ್ತು ಮೀಟರ್ ಎರಡು ಹಾರಿ ಗೆದ್ದೆ. ಮೂವತ್ತು ಕಳೆದ ಮೇಲಿನ ಹತ್ತು ಮೀಟರ್ ಎರಡು. ಅಳತೆ ಮುಗಿದರೂ ಮೇಷ್ಟ್ರು ಇನ್ನೊಮ್ಮೆ ಪಾದವಿಟ್ಟು ನಡೆದು ಬಂದರು. “ಇದು ನಿಂದೇ ಕಣಮ್ಮಿ. ಇದ್ರಲ್ಲಿ ಯಾರೂ ಏನೂ ಕಳಿಯಕಾಗಲ್ಲ” ಎಂದರು. ಅವತ್ತು ಬಸ್ಸಿನಲ್ಲಿ ಸೀಬೆಹಣ್ಣು ಕೊಡಿಸಿದವಳು ನಾನು.

ನಾನು ಮೈಸೂರಿನ ಹಾಸ್ಟೆಲಿಗೆ ಸೇರಿ ವರ್ಷ ತುಂಬುವ ಮೊದಲೇ ಅವರು ಹೋಗಿಬಿಟ್ಟರು. ಆಟದ ಮೈದಾನದಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ಶಾಲೆಯ ವರಾಂಡದಲ್ಲಿ, ಅದೇ ಬೋರ್ಡಿನ ಕೆಳಗೆ ಸಂತಾಪ ಸಭೆ. ಎದ್ದವರೆಲ್ಲ “ನಲವತ್ತೆಂಟು ಅಡಿ ಹಾರಿದ ಧೀರ” ಎಂದೇ ಶುರುಮಾಡಿದರು. ಒಂದೊಂದು ಸಲ ಆ ಮಾತು ಬಂದಾಗಲೂ ನನಗೆ ಚುಚ್ಚಿದಂತಾಗುತ್ತಿತ್ತು. ಮೈಕು ನನ್ನ ಕೈಗೆ ಬಂತು.

“ನಲವತ್ತೇಳು ಅಡಿ” ಎಂದೆ. “ಅವರೇ ಹೇಳಿದ್ದು. ಒಂದಡಿ ಕಳೆಯೋದು ಮರೆತಿದ್ದರು.”

ಹೆಡ್ಮೇಷ್ಟ್ರ ಮುಖ ಕಪ್ಪಿಟ್ಟಿತು. ಹಿಂದಿನಿಂದ ಯಾರೋ, “ಸತ್ತೋರ ಬಗ್ಗೆ ಏನಮ್ಮಿ ಅದು, ಕೆಳಗಿಳಿ!” ಎಂದು ಕೂಗಿದರು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿ ಎದ್ದರು. ನನಗೆ ಹೊಡೆಯುತ್ತಾರೆಂದೇ ಅಂದುಕೊಂಡೆ. ಅವರು ಸೆರಗಿನ ಗಂಟು ಬಿಚ್ಚಿ, ಮಡಿಕೆ ಮಡಿಕೆಯಾಗಿ ಹಳದಿ ತಿರುಗಿದ ಪೇಪರಿನ ತುಂಡೊಂದನ್ನು ನನ್ನ ಕೈಗಿಟ್ಟರು. ಹಳೆಯ ಕೂಟದ ಫಲಿತಾಂಶ. ಪ್ರಥಮ: ನಲವತ್ತೆಂಟು ಅಡಿ. ದ್ವಿತೀಯ: ನಲವತ್ತಾರು ಅಡಿ.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕೆಳಗಿನ ಸಾಲನ್ನು ಮತ್ತೊಮ್ಮೆ ಓದಿದೆ.

“ಮಂಡಿ ಕೆಟ್ಟೋದ್ಮೇಲೆ ಆಸ್ಪತ್ರೇಲಿ ಮಲಗಿದ್ದಾಗ ಕೆಳಗಡೆ ಸಾಲು ನೋಡುದ್ರಂತೆ. ಅಲ್ಲೀ ಗಂಟ ಮೇಲಿನ ಸಾಲ್ ಬುಟ್ಟು ಏನೂ ಓದಿರ್ನಿಲ್ಲ” ಎಂದರು ಅವರು, ಮೈಕಿಗೂ ಕೇಳದಷ್ಟು ಮೆಲ್ಲಗೆ. “ಕಳುದಿದ್ರೂ ಇವ್ರೇ ಫಸ್ಟು ಕಣಮ್ಮಿ.”