ದೋಟಿ ಮುಟ್ಟಿಸಿದ್ಯ, ತಮಾ?

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮೊದಲು ನಗುತ್ತಿದ್ದವನು ನಾನೇ. ಶಿರಸಿಯಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿಯಿದೆ. ಸುಟ್ಟ ಪಂಪು, ಸುಟ್ಟ ಮಿಕ್ಸರ್ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಕಸುಬು. "ನಮ್ಮ ಪಂಪು ಅಮಾಸಿ ದಿನಾನ ಸುಡತೈತ್ರಿ" ಎನ್ನುವ ಗಿರಾಕಿಗಳೂ ಬರುತ್ತಾರೆ. "ಅಮಾಸಿಗೆ ನಿಮ್ಮ ಪಂಪಿನ ವಿಳಾಸ ಯಾರು ಕೊಟ್ರು? ವೋಲ್ಟೇಜ್ ನೋಡ್ರಿ ಮೊದಲು" ಎಂದು ಗೇಲಿ ಮಾಡಿ ಕಳಿಸುತ್ತಿದ್ದೆ. ಕರೆಂಟಿಗೆ ದೆವ್ವವಿಲ್ಲ. ಜೋಡಣೆ ಸರಿಯಿದ್ದರೆ ಹರಿಯುತ್ತದೆ, ತಪ್ಪಿದ್ದರೆ ಹೊಡೆಯುತ್ತದೆ. ಇಷ್ಟೇ ನನ್ನ ವೇದಾಂತ. ಈಗಲೂ ಅದನ್ನು ಪೂರ್ತಿ ಬಿಟ್ಟಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಡೆದದ್ದನ್ನು ಆ ವೇದಾಂತದೊಳಗೆ ತುರುಕಲು ನೋಡಿ ಸೋತಿದ್ದೇನೆ. ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನಗೆ ಹ್ಯಾಮ್ ರೇಡಿಯೊದ ಹುಚ್ಚು. ಪರೀಕ್ಷೆ ಬರೆದು ಪರವಾನಗಿ ಪಡೆದು, ಮನೆಯಲ್ಲೇ ಸೆಟ್ ಇಟ್ಟುಕೊಂಡು, ಬೇರೆ ಬೇರೆ ಊರುಗಳಲ್ಲಿರುವ ಇಂಥದೇ ಹುಚ್ಚರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ ಇದು. ಕೈಯಲ್ಲಿ ಫೋನ್ ಇರುವಾಗ ಇದೇಕೆ ಎಂದು ನನ್ನ ಹೆಂಡತಿ ಗಿರಿಜಾ ಕೇಳುತ್ತಲೇ ಇದ್ದಾಳೆ. ಸರಿಯಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಶಿರಸಿಯ ಹತ್ತಿರದ ಇಸಳೂರಿನಲ್ಲಿ ಮನೆ ಕಟ್ಟಿಸುವಾಗ ದೇವರ ಕೋಣೆ ಎಲ್ಲಿ ಎಂದು ತೀರ್ಮಾನವಾಗುವ ಮೊದಲೇ ತಾರಸಿಯ ಮೇಲೆ ಆಂಟೆನಾ ಕಂಬ ಎಲ್ಲಿ ಎಂದು ಗುರುತು ಹಾಕಿದ್ದೆ.

ಈ ವಿದ್ಯೆಗೆ ನನ್ನ ಗುರು ತಂತಿ ಮಾಸ್ತರರು. ಸಿದ್ದಾಪುರ ತಾಲ್ಲೂಕಿನ ಮನ್ಮನೆಯವರು. ಮೊದಲು ತಂತಿ ಕಚೇರಿಯಲ್ಲಿ ಕಟ್ ಕಡಾ ಎಂದು ಮೋರ್ಸ್ ಸಂಕೇತದಲ್ಲಿ ಜನರ ಸಾವು, ಹುಟ್ಟು, ವರ್ಗಾವಣೆಗಳನ್ನು ಕುಟ್ಟಿ ಕಳಿಸುತ್ತಿದ್ದವರು. ನಿವೃತ್ತರಾದ ಮೇಲೂ ಬೆರಳಿನ ತುರಿಕೆ ಹೋಗದೆ ಹ್ಯಾಮ್ ಆದರು. ಮೋರ್ಸ್ ಕುಟ್ಟುವುದರಲ್ಲೂ ಒಬ್ಬೊಬ್ಬರ ಕೈಬರಹ ಒಂದೊಂದು ರೀತಿ ಇರುತ್ತದೆ. ಮಾಸ್ತರರದು ಹೇಗೆಂದರೆ, 'ಓ' ಅಕ್ಷರಕ್ಕೆ ಮೂರು ಉದ್ದ ಸ್ವರ ಬೇಕಲ್ಲ, ಆ ಮೂರನೆಯದನ್ನು ಅವರು ರಾಗ ಎಳೆದಂತೆ ಎಳೆಯುತ್ತಿದ್ದರು. ನೂರು ಜನರ ನಡುವೆ ಇಟ್ಟರೂ ಆ 'ಓ'ವನ್ನು ನಾನು ಗುರುತಿಸಬಲ್ಲೆ.

ಸೆಟ್‌ನಿಂದ ಹೊರಡುವ ಸಣ್ಣ ಶಕ್ತಿಯನ್ನು ದೊಡ್ಡದು ಮಾಡಿ ಆಂಟೆನಾಕ್ಕೆ ಕೊಡುವ ಯಂತ್ರಕ್ಕೆ ಪವರ್ ಆಂಪ್ಲಿಫೈಯರ್ ಎನ್ನುತ್ತೇವೆ. ಕೊಂಡುಕೊಳ್ಳುವವರು ಕೊಳ್ಳಲಿ, ನಾನು ವೈಂಡಿಂಗ್‌ನವನು, ನಾನೇ ಕಟ್ಟುತ್ತೇನೆ ಎಂದು ಹಟ ಹಿಡಿದೆ. ಹುಬ್ಬಳ್ಳಿಯ ಗುಜರಿಯಲ್ಲಿ, ಹಳೆಯ ರೇಡಿಯೊಗಳಲ್ಲಿ ಇರುತ್ತಿದ್ದಂಥ, ಹಿಡಿಗಾತ್ರದ ಒಂದು ಗಾಜಿನ ವಾಲ್ವ್ ಸಿಕ್ಕಿತು. ಟ್ರಾನ್ಸ್‌ಫಾರ್ಮರನ್ನು ಅಂಗಡಿಯಲ್ಲೇ ಸುತ್ತಿದೆ. ಫ್ರಿಜ್ ರಿಪೇರಿಯವರ ಬಳಿಯಿಂದ ತಾಮ್ರದ ಕೊಳವೆ ತಂದು ಗಿರಿಜಾಳ ಉಪ್ಪಿನಕಾಯಿ ಭರಣಿಗೆ ಸುತ್ತಿ ಕಾಯಿಲ್ ಮಾಡಿದೆ. ಹಳೆಯ ಸ್ಟೆಬಿಲೈಜರಿನ ಡಬ್ಬಿಯೇ ಮೈ. ಅದರೊಳಗೆ ಎಣ್ಣೆ ತುಂಬಿದ ಒಂದು ದಪ್ಪ ಕೆಪಾಸಿಟರ್. ಎರಡೂವರೆ ಸಾವಿರ ವೋಲ್ಟನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಸ್ವಿಚ್ ಆರಿಸಿ ಪ್ಲಗ್ ಕಿತ್ತರೂ ಅದು ತುಂಬಿಯೇ ಇರುತ್ತದೆ. ಅದನ್ನು ಬರಿದು ಮಾಡಲೆಂದು ಅಡ್ಡಕ್ಕೆ ರೆಸಿಸ್ಟರುಗಳ ಒಂದು ಸರ ಹಾಕುತ್ತೇವೆ. ಆ ಸರ ಕೆಲಸ ಮಾಡದ ದಿನ ಮುಟ್ಟಿದವನ ಕಥೆ ಮುಗಿಯಿತು.

ಮಾಸ್ತರರು ಇದಕ್ಕೊಂದು ಕೋಲು ಮಾಡಿಕೊಟ್ಟಿದ್ದರು. ಒಣಗಿದ ಬಿದಿರಿನ ಕಡ್ಡಿ, ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಯಿಂದ ನೆಲದ ಅರ್ಥಿಂಗಿಗೆ ದಪ್ಪ ತಂತಿ. ಯಂತ್ರ ಬಿಚ್ಚಿದ ಕೂಡಲೇ ಒಳಗಿನ ಹೈ ವೋಲ್ಟೇಜ್ ಬಿಂದುವಿಗೆ ಆ ಕೊಕ್ಕೆ ತಾಗಿಸಬೇಕು, ಉಳಿದದ್ದು ಭೂಮಿಗೆ ಹೋಗುತ್ತದೆ. ಮರದಿಂದ ಕಾಯಿ ಕೆಡವುವ ಉದ್ದ ಕೋಲಿಗೆ ನಮ್ಮ ಕಡೆ ದೋಟಿ ಅನ್ನುತ್ತಾರಲ್ಲ, ಮಾಸ್ತರರು ಇದಕ್ಕೂ ಅದೇ ಹೆಸರಿಟ್ಟರು. ಅವರು ಯಾರ ಜೊತೆಗಾದರೂ ತಮ್ಮ ಮನೆಮಾತಿನಲ್ಲೇ ಮಾತಾಡುವವರು. "ಮುಟ್ಸು. ಮತ್ತೆ ಮುಟ್ಸು. ಎಂತಕ್ಕೂ ಇನ್ನೊಂದ್ಸಲ ಮುಟ್ಸು. ಆಮೇಲೆ ಕೈ ಹಾಕು ತಮಾ" ಎನ್ನುತ್ತಿದ್ದರು.

ನನಗೋ ಬುದ್ಧಿವಂತಿಕೆ ಜಾಸ್ತಿ. ವೋಲ್ಟೇಜ್ ತೋರಿಸಲು ಮುಂದೆ ಮೀಟರ್ ಇಟ್ಟಿದ್ದೆ. ಅದಕ್ಕೆ ಬೇರೆ ದಾರಿ ಮಾಡದೆ, ಬರಿದು ಮಾಡುವ ಸರದ ಬುಡಕ್ಕೇ ಸೇರಿಸಿದ್ದೆ. ನಾಲ್ಕು ರೆಸಿಸ್ಟರ್ ಉಳಿಯಿತು ಎಂದು ಜಂಭ. ವೋಲ್ಟೇಜ್ ನೋಡುವುದಕ್ಕೂ ಅದು ಹರಿದುಹೋಗುವುದಕ್ಕೂ ಒಂದೇ ದಾರಿ ಇರಬಾರದು ಎಂದು ಮಾಸ್ತರರು ತಲೆ ಅಲ್ಲಾಡಿಸಿದರು.

"ನೋಡ ದಾರಿ ಬೇರೆ, ಹರಿಯ ದಾರಿ ಬೇರೆ ಇರವು. ಒಂದೇ ಆದ್ರೆ ಒಂದಿನ ಎರಡೂ ಕೂಡೇ ಹೋಗ್ತು."

"ಮೀಟರ್ ಸೊನ್ನೆ ತೋರಿಸಿದ ಮ್ಯಾಲೆ ನಿಮ್ಮ ದೋಟಿ ಯಾಕ್ರಿ ಮಾಸ್ತರ್ರ? ನಾ ಏನು ಕಾಯಿ ಕೊಯ್ಯಾಕ ಹೊಂಟೇನೇನು?" ಎಂದು ನಕ್ಕಿದ್ದೆ.

ಅವರು ಸಿಟ್ಟಾಗಲಿಲ್ಲ. ಅಂದಿನಿಂದ ನಮ್ಮ ಪ್ರತಿ ಸಂಪರ್ಕದ ಕೊನೆಗೆ ಎಲ್ಲರೂ ಕಳಿಸುವ ವಿದಾಯದ ಸಂಕೇತದ ಬದಲು ಇಂಗ್ಲಿಷ್ ಅಕ್ಷರಗಳಲ್ಲಿ 'ದೋಟಿ' ಎಂದು ಕುಟ್ಟಿ ಮುಗಿಸುತ್ತಿದ್ದರು. ನಾಲ್ಕೇ ಅಕ್ಷರ, ನಡುವೆ ಆ ಎಳೆದ 'ಓ'. ಇದರ ಅರ್ಥ ನಮ್ಮಿಬ್ಬರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ನಾನು ಅದಕ್ಕೆ 'ಆರ್' ಎಂಬ ಒಂದಕ್ಷರ ಕಳಿಸಬೇಕಿತ್ತು. ಬಂದದ್ದು ಮುಟ್ಟಿತು ಎಂದು ಅದರರ್ಥ. ಎಷ್ಟೋ ಸಲ ಅದನ್ನೂ ಕಳಿಸದೆ ಸೆಟ್ ಆರಿಸಿಬಿಡುತ್ತಿದ್ದೆ.

ಆಮೇಲೆ ಮಾಸ್ತರರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಅವರ ಮಗಳು ಸುಮಾ ಸೆಟ್‌ಗೆ ಬಟ್ಟೆ ಹೊದಿಸಿಟ್ಟಳು, ಆಂಟೆನಾ ಇಳಿಸಿದರು. ನಾನು ಒಮ್ಮೆ ಹೋಗಿ ನೋಡಿ ಬಂದೆ. ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಆ ಕೈ ನೋಡಿದ ಮೇಲೆ ಮತ್ತೆ ಹೋಗಲು ಧೈರ್ಯವಾಗಲಿಲ್ಲ. ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದು ಫೋನಿನಲ್ಲಿ ಸುಳ್ಳು ಹೇಳುತ್ತ ಏಳು ತಿಂಗಳು ಕಳೆದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಭಾನುವಾರ ಬೇಸಿಗೆಯ ಕೊನೆ. ಹಿಂದಿನ ಸಂಜೆ ಗುಡುಗಿತ್ತು. ಬೆಳಗಿನ ತಿಂಡಿ ಮುಗಿಸಿ ಆಂಪ್ಲಿಫೈಯರ್ ಹಾಕಿದರೆ ಮೀಟರಿನ ಮುಳ್ಳು ಸೊನ್ನೆಯಿಂದ ಏಳಲಿಲ್ಲ. ಹೈ ವೋಲ್ಟೇಜ್ ಬರುತ್ತಿಲ್ಲ, ಡಯೋಡ್ ಹೋಗಿರಬೇಕು ಎಂದುಕೊಂಡೆ. ಆರಿಸಿದೆ, ಪ್ಲಗ್ ಕಿತ್ತೆ, ಮುಚ್ಚಳದ ಸ್ಕ್ರೂ ಬಿಚ್ಚಿದೆ. ದೋಟಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದನ್ನು ನೋಡಿದೆ ಕೂಡ. ಬಂದೇ ಇಲ್ಲದ ಕರೆಂಟನ್ನು ಹೊರಗೆ ಕಳಿಸುವುದೇನು ಎಂದು ಸುಮ್ಮನಾದೆ. ಪಕ್ಕದಲ್ಲಿ ರಿಸೀವರ್ ಸಣ್ಣಗೆ ಸೊಂಯ್ ಎನ್ನುತ್ತಿತ್ತು. ಕೆಲಸ ಮಾಡುವಾಗ ಜೊತೆಗಿರಲಿ ಎಂದು ಅದನ್ನು ಹಾಕಿಟ್ಟಿರುವುದು ನನ್ನ ಅಭ್ಯಾಸ.

ಎಡಗೈಯನ್ನು ಡಬ್ಬಿಯ ಅಂಚಿಗೆ ಊರಿದ್ದೆ. ಅದೂ ತಪ್ಪೇ, ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ, ಒಂದು ಕೈ ಜೇಬಿನಲ್ಲಿರಬೇಕು. ವಾಲ್ವಿನ ನೆತ್ತಿಯಲ್ಲಿ, ಹೈ ವೋಲ್ಟೇಜ್ ಬಂದು ಸೇರುವಲ್ಲಿ, ಇರುವ ಲೋಹದ ಟೋಪಿ ತೆಗೆಯಲು ಬಲಗೈ ಒಳಗೆ ಇಳಿಸಿದೆ. ಇನ್ನು ನಾಲ್ಕು ಬೆರಳು ದೂರ ಇತ್ತು ಅಷ್ಟೆ.

ಆಗ ರಿಸೀವರಿನಿಂದ ಮೋರ್ಸ್ ಕೇಳಿಸಿತು. ಡಾ ಡಿಡಿ. ಡಾ ಡಾ ಡಾಆಆ. ಡಾ. ಡಿಡಿ.

ಅಕ್ಷರ ಬಿಡಿಸಿಕೊಂಡು ಅದು 'ದೋಟಿ' ಎಂದು ಅರ್ಥ ಮಾಡಿಕೊಳ್ಳಲು ನನಗೆ ಹೊತ್ತೇ ಬೇಕಾಗಲಿಲ್ಲ. ಹಿಂದಿನಿಂದ ಯಾರೋ ಹೆಸರು ಕರೆದರೆ ತಿರುಗುತ್ತೇವಲ್ಲ, ಹಾಗೆ ಕೈ ತಾನಾಗಿ ಹೊರಗೆ ಬಂತು. ಆ 'ಓ' ಅವರದೇ. ಇನ್ನೊಂದು ಸಲ ಬರುತ್ತದೆಯೇ ಎಂದು ಕಿವಿಗೊಟ್ಟು ಕಾದೆ. ಬರಲಿಲ್ಲ. ಮೊಳೆಯಿಂದ ದೋಟಿ ತೆಗೆದು ಕೊಕ್ಕೆಯನ್ನು ಟೋಪಿಗೆ ತಾಗಿಸಿದೆ.

ಪಟಾಕಿ ಹೊಡೆದಂತೆ ಸದ್ದಾಯಿತು. ಕಣ್ಣು ಕೋರೈಸುವ ನೀಲಿ ಬೆಳಕು, ಕೊಕ್ಕೆಯ ತುದಿ ಕರಗಿ ಗುಂಡಗಾಗಿತ್ತು. ಅಡುಗೆಮನೆಯಿಂದ ಗಿರಿಜಾ ಓಡಿ ಬಂದಳು.

"ಏನ್ರೀ ಅದು? ಆರಾಮ ಅದೀರಿಲ್ಲ?"

"ಏನಿಲ್ಲ" ಎಂದೆ. ಅವಳು ನನ್ನ ಮುಖ ನೋಡಿ, ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ನೀರು ಕುಡಿಯುವಾಗ ಕಿಟಕಿಯ ಕಡೆ ನೋಡಿದೆ. ಹಿಂದಿನ ಸಂಜೆ ಗುಡುಗಿಗೆ ಹೆದರಿ ಕಿತ್ತಿದ್ದ ಆಂಟೆನಾ ಕೇಬಲ್ ಇನ್ನೂ ಕಿಟಕಿಯ ಹೊರಗೆ ನೇತಾಡುತ್ತಿತ್ತು. ರಿಸೀವರಿಗೆ ಆಂಟೆನಾವೇ ಇರಲಿಲ್ಲ.

ಸುಮಾಳಿಗೆ ಫೋನ್ ಮಾಡಿದೆ. ಕೆಟ್ಟ ಸುದ್ದಿ ಕೇಳಬೇಕಾಗುತ್ತದೆ ಎಂದೇ ಎದೆ ಗಟ್ಟಿ ಮಾಡಿಕೊಂಡಿದ್ದೆ. ಆದರೆ ಅವಳ ದನಿಯಲ್ಲಿ ಸಂಭ್ರಮವಿತ್ತು. "ಅಪ್ಪನ ಕರ್ಕೊಂಡು ಚಂದಗುಳಿಗೆ ಬಂದಿದೀವಿ ಅಣ್ಣಾ. ಬೆರಳು ಆಡಿದ್ರೆ ಗಂಟೆ ಕಟ್ತೀನಿ ಅಂತ ಹರಕೆ ಹೊತ್ತಿದ್ದೆ. ಈಗಷ್ಟೇ ಕಟ್ಟಿ ಆಯ್ತು" ಎಂದಳು. ಯಲ್ಲಾಪುರದ ಹತ್ತಿರದ ಆ ಗಣಪತಿ ಗುಡಿಯಲ್ಲಿ ಹರಕೆಯ ಗಂಟೆಗಳು ಲೆಕ್ಕವಿಲ್ಲದಷ್ಟು. ಫೋನಿನಲ್ಲೂ ಅವುಗಳ ಸದ್ದು ಕೇಳುತ್ತಿತ್ತು. "ಅಪ್ಪ ಎಲ್ಲರ ಹಾಗೆ ಗಂಟೆ ಹೊಡೀಲಿಲ್ಲ ನೋಡಿ. ಬಲಗೈಯ ಉಂಗುರದ ಬೆರಳಲ್ಲಿ ಟಕ್ ಟಕ್ ಅಂತ ಏನೇನೋ ಕುಟ್ಟಿದ್ರು. ಭಟ್ಟರು ನಗ್ತಾ ಇದ್ರು."

ಮರುದಿನವೇ ಅಂಗಡಿ ಮುಚ್ಚಿ ಮನ್ಮನೆಗೆ ಹೋದೆ. ಮಾಸ್ತರರು ಜಗುಲಿಯಲ್ಲಿ ಕೂತಿದ್ದರು. ಏಳು ತಿಂಗಳು ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ನಾನು ಎಲ್ಲ ಹೇಳಿದೆ. ಸುಟ್ಟ ಕೊಕ್ಕೆ ತೋರಿಸಿದೆ. ಸರದ ಮೇಲಿನ ಒಂದು ರೆಸಿಸ್ಟರ್ ಒಡೆದಿತ್ತು, ಅದರಿಂದ ಮೀಟರೂ ಸತ್ತಿತ್ತು, ಬರಿದಾಗುವ ದಾರಿಯೂ ಕಟ್ಟಿತ್ತು. ಅವರು ಅಂದಂತೆ ಎರಡೂ ಕೂಡಿಯೇ ಹೋಗಿದ್ದವು. ಇದನ್ನು ಕೇಳಿ ಅವರು ಹಿಗ್ಗಲಿಲ್ಲ.

"ಆಂಟೆನಾ ಕಿತ್ತಿತ್ತು ಹೇಳ್ತೆ?"

"ಹೌದ್ರಿ."

"ಹಂಗಾರೆ ಬಪ್ಪಲೆ ಸಾಧ್ಯನೇ ಇಲ್ಲೆ." ಸಂಕೇತ ಬರಲು ದಾರಿಯೇ ಇರಲಿಲ್ಲವಂತೆ. ನನಗಿಂತ ದೊಡ್ಡ ನಾಸ್ತಿಕರು ಅವರು.

"ಗಂಟೆ ಮ್ಯಾಲೆ ಏನಂತ ಕುಟ್ಟಿದ್ರಿ ಮಾಸ್ತರ್ರ?"

ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು. "ನೆನಪಿಲ್ಲೆ ತಮಾ. ಬೆರಳು ಹೇಳಿದ್ದು ಕೇಳ್ತ ನೋಡನ ಹೇಳಿ ಕುಟ್ಟಿದ್ದು. ಅದಕ್ಕೆ ಎಂತ ಅಭ್ಯಾಸ ಇತ್ತೋ ಅದನ್ನೇ ಕುಟ್ಟಿಕ್ಕು."

ಬೆರಳು ತನ್ನ ಹಳೆಯ ಅಭ್ಯಾಸವನ್ನೇ ಕುಟ್ಟಿರಬೇಕು ಎಂದಷ್ಟಕ್ಕೇ ಬಿಟ್ಟು, ನಾನು ಎಣಿಸದೇ ಇದ್ದ ಒಂದು ಪ್ರಶ್ನೆ ಕೇಳಿದರು. "ಅದಿರ್ಲಿ. ನೀ ತಿರುಗಿ ಎಂತ ಕಳ್ಸಿದೆ?"

"ಏನೂ ಕಳಿಸಲಿಲ್ರಿ. ಹೊಳೀಲೇ ಇಲ್ಲ."

"ಎಂತ ಮಾರಾಯ! ಬಂದ ತಂತಿಗೆ ಮುಟ್ಟಿತು ಹೇಳಿ ಹೇಳ್ದೇ ಇಪ್ಪದ? ಕಳ್ಸಿದವ ಕಾಯ್ತಾ ಇರ್ತ." ಇಷ್ಟು ಹೊತ್ತಿನಲ್ಲಿ ಅವರಿಗೆ ಸಿಟ್ಟು ಬಂದದ್ದು ಈ ಒಂದು ವಿಷಯಕ್ಕೆ.

ನಾನು ಅವರ ಬಲಗೈ ಹಿಡಿದು, ಅಂಗೈಯ ಮೇಲೆ ಬೆರಳಿನಿಂದ 'ಆರ್' ಕುಟ್ಟಿದೆ. ಡಿ ಡಾ ಡಿ. ಅವರ ತೋರುಬೆರಳು ನಿಧಾನಕ್ಕೆ ಮಡಚಿಕೊಂಡಿತು. ನನಗೆ ಅಳು ಬಂತು. ಅವರು ಸುಮಾಳಿಗೆ ಚಹಾ ತರಲು ಹೇಳಿದರು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಒಡೆದ ರೆಸಿಸ್ಟರಿನ ಬಿರುಕಿನಲ್ಲಿ ಸಣ್ಣ ಕಿಡಿಗಳು ಹಾರಿ, ಆ ಸದ್ದು ಪಕ್ಕದ ರಿಸೀವರಿನಲ್ಲಿ ಕೇಳಿಸಿರಬಹುದು ಎಂದು ಹೊಳೆಯಿತು. ಅದಕ್ಕೆ ಆಂಟೆನಾ ಬೇಕಿಲ್ಲ. ಹಾಗಿದ್ದರೆ ತುಂಬಿಕೊಂಡಿದ್ದ ಆ ಕೆಪಾಸಿಟರೇ ನನ್ನನ್ನು ಎಚ್ಚರಿಸಿದಂತಾಯಿತು. ಮೂರು ಭಾನುವಾರ ಅದೇ ರೆಸಿಸ್ಟರ್ ಹಾಕಿ, ತುಂಬಿಸಿ, ದೂರ ಕೂತು ಕೇಳಿದೆ. ಕರ್ ಕರ್ ಎಂದು ಒಮ್ಮೊಮ್ಮೆ ಕೆರೆಯುತ್ತದೆ, ನಿಜ. ಅಕ್ಷರವಂತೂ ಒಂದೂ ಆಗಲಿಲ್ಲ. ಹಾಗಂತ ಆ ದಿನ ನಾನು ಕೇಳಿದ್ದು ಸ್ವರವೋ ಬರೀ ಟಕ್ ಟಕ್ ಸದ್ದೋ ಎಂದು ಈಗ ಯಾರಾದರೂ ಆಣೆ ಇಟ್ಟು ಹೇಳು ಎಂದರೆ ಹೇಳಲಾರೆ. ಮನಸ್ಸಿನೊಳಗೇ ಅಡಗಿದ್ದ ಭಯ ಆ ಕೆರೆತಕ್ಕೆ ಮಾಸ್ತರರ ಕೈಬರಹ ಹೊದಿಸಿತೋ ಏನೋ. ಅದೇ ಹೊತ್ತಿಗೆ ಚಂದಗುಳಿಯಲ್ಲಿ ಆ ಬೆರಳು ಏಳು ತಿಂಗಳಲ್ಲಿ ಮೊದಲ ಸಲ ಕುಟ್ಟಿದ್ದು ಯಾಕೆ ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಯಾವ ಸರ್ಕ್ಯೂಟೂ ಇಲ್ಲ.

ಆಂಪ್ಲಿಫೈಯರನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ನೋಡುವ ದಾರಿ ಬೇರೆ, ಹರಿಯುವ ದಾರಿ ಬೇರೆ ಮಾಡಿದ್ದೇನೆ. ಈಗಲೂ ಅದನ್ನು ತೆರೆದಾಗೆಲ್ಲ ದೋಟಿಯನ್ನು ಮೂರು ಸಲ ಮುಟ್ಟಿಸುತ್ತೇನೆ. ಆಮೇಲೆ, ಗಿರಿಜಾ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಡಬ್ಬಿಯ ಅಂಚಿನ ಮೇಲೆ ಬೆರಳಿನಿಂದ ಮೆಲ್ಲಗೆ 'ಮುಟ್ಟಿತು' ಎಂದು ಕುಟ್ಟುತ್ತೇನೆ. ಯಾರಿಗೆ ಕಳಿಸುತ್ತಿದ್ದೇನೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಕಳಿಸಿದವರು ಯಾರೇ ಆಗಲಿ, ಕಾಯುತ್ತ ಕೂರುವುದು ಬೇಡ.